ಮಗ್ಗಿನಲ್ಲಿ ಉಳಿದ ಎರಡು ಚೀಟಿ

ಕಂತು ಒಂಬತ್ತು

“ಮಗುಚಿ ಹಾಕಿ,” ಎಂದಳು ಇನ್ಸ್‌ಪೆಕ್ಟರ್ ರಾದಾನಾ ವೊಟ್ರುಬೊವಾ.

‘ನೀಲಿ ಬಾತು’ ಪಬ್ಬಿನ ಒಡತಿ ಮಿಲುಶ್ಕಾ ಕೈಯಲ್ಲಿದ್ದ ಹಳೆಯ ಮಣ್ಣಿನ ಮಗ್ಗನ್ನು ಮೇಜಿನ ಮೇಲೆ ಬೋರಲು ಹಾಕಿದಳು. ಎರಡು ಚೀಟಿ ಬಿದ್ದವು. ಬಿಯರ್ ಮಗ್ಗಿನಡಿ ಇಡುತ್ತಾರಲ್ಲ, ಆ ದುಂಡನೆಯ ರಟ್ಟನ್ನು ಹರಿದು ಮಾಡಿದ ಚೀಟಿಗಳು.

“ಬೆಳಿಗ್ಗೆ ಕಪಾಟು ಒರೆಸ್ತಿದ್ದೆ ಮೇಡಂ, ಆಗ ನೆನಪಾಯ್ತು. ನಾನು ಮುಟ್ಟಿಲ್ಲ, ಬಿಚ್ಚಿಲ್ಲ. ಆ ಮೂವರು ಗೆಳೆಯರ ಮಗ್ ಮುಟ್ಟಿದ್ರೆ ಅವರಲ್ಲಿರೋ ಮೇಷ್ಟ್ರು ನನ್ನ ತಿಥಿ ಮಾಡಿಬಿಡ್ತಾರೆ.”

“ಚೀಟಿ ಎತ್ತೋದು ಹೇಗೆ? ಇನ್ನೊಂದು ಸಲ ಹೇಳಿ.”

“ಗುರುವಾರ ಸಂಜೆ ಮೂವರೂ ಒಂದೊಂದು ಊರು ಬರೆದು ಹಾಕ್ತಾರೆ. ಒಬ್ರು ಮಗ್ ಹಿಡೀತಾರೆ, ಇನ್ನೊಬ್ರು ಒಂದನ್ನ ಎತ್ತಿ ಜೇಬಿಗಿಟ್ಕೋತಾರೆ. ಇಲ್ಲಿ ಬಿಚ್ಚಂಗಿಲ್ಲ. ಶನಿವಾರ ಬೆಳಿಗ್ಗೆ ದೊಡ್ಡ ಸ್ಟೇಷನ್ನಲ್ಲಿ, ರೈಲುಗಳ ಹಲಗೆ ಕೆಳಗೆ ನಿಂತ್ಕೊಂಡೇ ಬಿಚ್ಚಬೇಕು. ಉಳಿದ ಎರಡು ಮುಂದಿನ ಗುರುವಾರ ನನ್ನ ಒಲೆಗೆ. ಇಪ್ಪತ್ತೆರಡು ವರ್ಷದಿಂದ ಇದೇ ಹುಚ್ಚು.”

ಪ್ರಾಗಿನವರಿಗೆ ಶನಿವಾರ ಮನೆಯಲ್ಲಿ ಕೂರುವುದೆಂದರೆ ಕಾಯಿಲೆ ಬಿದ್ದಂತೆಯೇ. ಬೆನ್ನಿಗೊಂದು ಚೀಲ, ಚೀಲದಲ್ಲಿ ಬ್ರೆಡ್ಡು, ಕಾಲಿಗೆ ದಪ್ಪ ಬೂಟು, ಬೆಳಗಿನ ಮೊದಲ ರೈಲು. ಎಲ್ಲಿಗೆ ಎನ್ನುವುದಷ್ಟೇ ಪ್ರಶ್ನೆ. ಆ ಪ್ರಶ್ನೆಗೆ ಮನೆಮನೆಯಲ್ಲೂ ಜಗಳವಾಗುತ್ತದೆ. ಈ ಮೂವರು ಜಗಳ ಬೇಡವೆಂದು ಚೀಟಿಯ ದಾರಿ ಹಿಡಿದಿದ್ದರು.

ರಾದಾನಾಗೆ ಇದ್ಯಾವುದೂ ಹಿಡಿಸದು. ಅವಳ ಶನಿವಾರಗಳು ಹಾಸಿಗೆಯಲ್ಲಿ ಕಳೆಯುತ್ತವೆ. ಆದರೆ ಕಳೆದ ಶನಿವಾರದಿಂದ ಅವಳ ಕಣ್ಣಿಗೆ ನಿದ್ದೆಯೇ ಹತ್ತಿರಲಿಲ್ಲ. ಮೂವರು ರೈಲು ಹತ್ತಿದ್ದರು, ಇಬ್ಬರು ವಾಪಸು ಬಂದಿದ್ದರು. ನಿವೃತ್ತ ರೈಲು ಚಾಲಕ ಓಟಾಕರ್ ಹ್ಲಾವ್ಸಾ ಬಂದಿರಲಿಲ್ಲ. ಅವನ ಇನ್ಸುಲಿನ್ ಸೀಸೆಗಳು ಮನೆಯ ಫ್ರಿಜ್ಜಿನಲ್ಲೇ ಇದ್ದವು. ಮಂಗಳವಾರದ ಸಂಜೆ ದಾಟಿದರೆ ಆಸೆ ಬಿಡಿ ಎಂದು ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದ್ದರು.

ಇವತ್ತು ಮಂಗಳವಾರ. ಗಂಟೆ ಒಂಬತ್ತಾಗಿತ್ತು.

ಅವಳು ಮೊದಲ ಚೀಟಿ ಬಿಚ್ಚಿದಳು. ‘ಲಿಪಿನಾ’ ಎಂದಿತ್ತು.

ಎರಡನೆಯದನ್ನು ಬಿಚ್ಚಿದಳು. ಅದರಲ್ಲೂ ‘ಲಿಪಿನಾ’.

“ಇಬ್ಬರೂ ಒಂದೇ ಊರು ಬರೆದ್ರಾ?” ಎಂದಳು ಮಿಲುಶ್ಕಾ, ಕೈಯಲ್ಲಿದ್ದ ಬಟ್ಟೆಯನ್ನು ಹೆಗಲಿಗೆ ಹಾಕಿಕೊಳ್ಳುತ್ತ. “ಆ ಮೂವರು ಇಪ್ಪತ್ತೆರಡು ವರ್ಷದಲ್ಲಿ ಬಿಯರ್ ಬಿಟ್ಟು ಬೇರೆ ಯಾವುದಕ್ಕೂ ಒಪ್ಪಿದ್ದೇ ಇಲ್ಲ.”

“ಇಬ್ಬರಲ್ಲ. ಎತ್ಕೊಂಡು ಹೋದ ಮೂರನೇ ಚೀಟೀನೂ ಇದೇ ಇರಬೇಕು. ಯಾವುದನ್ನ ಎತ್ತಿದ್ರೂ ಲಿಪಿನಾನೇ ಬರೋ ಹಾಗೆ ಯಾರೋ ಚೀಟಿ ಬದಲಾಯಿಸಿದ್ದಾರೆ. ಗುರುವಾರ ಮಗ್ ಹಿಡಿದಿದ್ದು ಯಾರು?”

“ಅಯ್ಯೋ, ನಾನು ಅಡುಗೆಮನೇಲಿ ಈರುಳ್ಳಿ ಹುರೀತಿದ್ದೆ.”

ರಾದಾನಾಳ ಬಲಗಾಲು ಮೇಜಿನಡಿ ತಾನಾಗಿಯೇ ಕುಣಿಯತೊಡಗಿತು. ಮೂರು ದಿನಗಳಿಂದ ಐವತ್ತು ಪೊಲೀಸರು, ಆರು ನಾಯಿಗಳು ಕುಟ್ನಾ ಹೊರಾದಲ್ಲಿ ಹುಡುಕುತ್ತಿದ್ದರು. ಅಲ್ಲಿನ ಜನಜಂಗುಳಿಯಲ್ಲಿ ಓಟಾಕರ್ ತಪ್ಪಿಸಿಕೊಂಡ ಎಂದು ಉಳಿದಿಬ್ಬರೂ ಒಂದೇ ಬಾಯಲ್ಲಿ ಹೇಳಿದ್ದರು. ಪ್ರಾಗಿನ ದೊಡ್ಡ ಸ್ಟೇಷನ್ನಿನ ಕ್ಯಾಮೆರಾದಲ್ಲಿ ಮೂವರೂ ಪ್ಲಾಟ್‌ಫಾರಂಗಳಿಗೆ ಹೋಗುವ ಸುರಂಗಕ್ಕೆ ಇಳಿದದ್ದಷ್ಟೇ ಕಂಡಿತ್ತು. ಆಮೇಲೆ ಶನಿವಾರದ ಆ ಜಾತ್ರೆಯಲ್ಲಿ ಎಲ್ಲರದೂ ಅದೇ ಟೋಪಿ, ಅದೇ ಚೀಲ. ಪ್ರವಾಸಕ್ಕೆ ಫೋನು ಒಯ್ಯುವುದು ಆ ಮೂವರಲ್ಲಿ ನಿಷಿದ್ಧ.

ಕುಟ್ನಾ ಹೊರಾ ಪ್ರಾಗಿನ ಪೂರ್ವಕ್ಕೆ. ಲಿಪಿನಾ ಪಶ್ಚಿಮಕ್ಕೆ.

ಹೊರಗೆ ಕಾರಿನಲ್ಲಿ ಸಾರ್ಜೆಂಟ್ ಹಿನೆಕ್ ಬನ್ನು ತಿನ್ನುತ್ತಿದ್ದ. ಇನ್ನೆರಡು ವರ್ಷಕ್ಕೆ ನಿವೃತ್ತಿ. ಅವನಿಗೂ ಶನಿವಾರದ ಹುಚ್ಚು ಇತ್ತು.

“ಲಿಪಿನಾ ಗೊತ್ತಾ?” ಎಂದಳು ರಾದಾನಾ ಬಾಗಿಲು ಎಳೆದುಕೊಳ್ಳುತ್ತ.

“ಗೊತ್ತಿಲ್ದೆ ಏನು ಮೇಡಂ! ಬೆರೌನ್‌ನಲ್ಲಿ ಇಳಿದು, ಹೊಳೆ ಪಕ್ಕ ಹೋಗೋ ಒಂಟಿ ಡಬ್ಬಿ ರೈಲು ಹಿಡೀಬೇಕು. ಸ್ಟೇಷನ್ನೂ ಇಲ್ಲ, ಮಾಸ್ತರೂ ಇಲ್ಲ, ಒಂದು ಬೆಂಚು, ಸುತ್ತ ಕಾಡು. ಗುಂಡಿ ಒತ್ತಿದ್ರೆ ರೈಲು ನಿಲ್ಲುತ್ತೆ, ಇಲ್ಲಾಂದ್ರೆ ಟಾಟಾ. ಅಣಬೆ ಮಾತ್ರ ಭರ್ಜರಿ.”

“ಅಣಬೆ ಆಮೇಲೆ. ಮೇಷ್ಟ್ರ ಮನೆಗೆ ನಡಿ.”

*

ನಿವೃತ್ತ ಭೂಗೋಳ ಮೇಷ್ಟ್ರು ಈವೊ ಬೆಜ್ದೆಕ್ ವಿನೊಹ್ರಾದಿ ಬಡಾವಣೆಯ ಒಂದು ಕಟ್ಟಡದ ಮೂರನೇ ಮಹಡಿಯಲ್ಲಿ ಒಬ್ಬರೇ ಇದ್ದರು. ಬಾಗಿಲು ತೆರೆದವರು ಮೊದಲು ನೋಡಿದ್ದು ಬಂದವರ ಬೂಟು.

“ಬೂಟು ಅಲ್ಲಿ ಬಿಡಿ. ಅತಿಥಿಗಳ ಚಪ್ಪಲಿ ಬುಟ್ಟೀಲಿದೆ.”

ಕೊಲೆ ಕೇಳಲು ಬಂದರೂ ಸರಿ, ಕನ್ಯೆ ಕೇಳಲು ಬಂದರೂ ಸರಿ, ಈ ಊರಿನಲ್ಲಿ ಬೂಟು ಬಿಡದೆ ಒಳಗೆ ಕಾಲಿಡುವಂತಿಲ್ಲ. ರಾದಾನಾ ಚೌಕಳಿಯ ದೊಗಲೆ ಚಪ್ಪಲಿಯಲ್ಲಿ ಕಾಲು ತೂರಿಸಿದಳು. ಹಿನೆಕ್‌ಗೆ ಸಿಕ್ಕಿದ್ದು ಗುಲಾಬಿ ಬಣ್ಣದ್ದು.

ಗೋಡೆಯ ತುಂಬ ದೇಶದ ನಕ್ಷೆ, ನಕ್ಷೆಯ ತುಂಬ ಗುಂಡುಸೂಜಿ. ಕಪಾಟಿನಲ್ಲಿ ರಟ್ಟುಹಾಕಿದ ಪುಟ್ಟ ಪುಸ್ತಕಗಳ ಸಾಲು. ಹೋದ ಕಡೆಯಲ್ಲೆಲ್ಲ ಕೋಟೆಯ ಬಾಗಿಲಲ್ಲೋ ಪಬ್ಬಿನ ಗಲ್ಲಾದ ಬಳಿಯೋ ಇರುವ ಮುದ್ರೆಯನ್ನು ಒತ್ತಿಸಿಕೊಂಡು ಬರುವ ಪುಸ್ತಕಗಳವು. ಹಿನೆಕ್ ಅವನ್ನು ನೋಡಿ ಹೊಟ್ಟೆಕಿಚ್ಚಿನಿಂದ ನಾಲಿಗೆ ಚಪ್ಪರಿಸಿದ.

“ಕುಟ್ನಾ ಹೊರಾದ ಮುದ್ರೆ ತೋರಿಸಿ ಮೇಷ್ಟ್ರೇ,” ಎಂದಳು ರಾದಾನಾ. ಕೂರಲಿಲ್ಲ.

“ಅವತ್ತು ಪುಸ್ತಕ ಮರೆತು ಹೋಗಿದ್ದೆ. ಭಾನುವಾರವೇ ಹೇಳಿದ್ನಲ್ಲ.”

“ಮರೆತ್ರಾ?” ಹಿನೆಕ್ ಬಾಯಿ ಹಾಕಿದ. “ಹೆಂಡ್ತೀನ ಬೇಕಾದ್ರೆ ಮರೀತೀವಿ ಮೇಷ್ಟ್ರೇ, ಮುದ್ರೆ ಪುಸ್ತಕ ಮರೆಯೋದುಂಟಾ?”

“ಕೊಡಿ ನೋಡೋಣ, ಈಗಿನ ಪುಸ್ತಕ,” ಎಂದಳು ರಾದಾನಾ.

ಮೇಷ್ಟ್ರು ಕೊಟ್ಟರು. ಕೊಡುವಾಗ ಒಂದು ಕ್ಷಣ ಬೆರಳು ಬಿಡಲಿಲ್ಲ.

ಪ್ರತಿ ಮುದ್ರೆಯ ಕೆಳಗೂ ಮುತ್ತಿನಂಥ ಅಕ್ಷರದಲ್ಲಿ ಸಂಖ್ಯೆ, ತಾರೀಖು. ಕೊನೆಯದು ಒಂಬೈನೂರ ತೊಂಬತ್ತೊಂಬತ್ತು, ಓಟಾಕರ್ ಕಾಣೆಯಾದದ್ದಕ್ಕೂ ಹಿಂದಿನ ಶನಿವಾರದ್ದು. ಅದು ಎಡಗಡೆಯ ಪುಟ. ಅದರ ಎದುರಿಗಿದ್ದ ಪುಟವನ್ನು ಯಾರೋ ಅಂಚಿಗೆ ಸರಿಯಾಗಿ ಹರಿದಿದ್ದರು. ಎಡಪುಟದಲ್ಲಿ ಕೊನೆಯ ಮುದ್ರೆಯ ಕೆಳಗೆ ಮಾಸಲು ನೇರಳೆ ಕಲೆಯೊಂದಿತ್ತು.

ಶಾಯಿ ಆರುವ ಮೊದಲೇ ಪುಸ್ತಕ ಮುಚ್ಚಿದರೆ ಹಾಗಾಗುತ್ತದೆ. ಒಂದು ಪುಟದ ಮುದ್ರೆ ಇನ್ನೊಂದಕ್ಕೆ ಅಂಟುತ್ತದೆ, ತಿರುಗುಮುರುಗಾಗಿ.

ಅಂಗೈ ಹುಣ್ಣಿಗೆ ಕನ್ನಡಿ ಬೇಡ, ನಿಜ. ಆದರೆ ಈ ಪುಟಕ್ಕೆ ಬೇಕಿತ್ತು. ರಾದಾನಾ ಚಪ್ಪಲಿ ಎಳೆದುಕೊಂಡು ನಡುಮನೆಗೆ ಹೋದಳು, ಕೋಟು ತೂಗುಹಾಕುವ ಕಡೆಯಿದ್ದ ಕನ್ನಡಿಯ ಮುಂದೆ ಪುಸ್ತಕ ಹಿಡಿದಳು. ಬಾಲ ಮಡಚಿ ಕೂತ ನೀರುನಾಯಿಯ ಚಿತ್ರ ಕಂಡಿತು. ಸುತ್ತಲೂ ಅಕ್ಷರ.

“‘ನೀರುನಾಯಿ’ ಪಬ್, ಲಿಪಿನಾ,” ಎಂದು ಓದಿ ತಿರುಗಿದಳು. “ಮೇಷ್ಟ್ರೇ, ಮೂರು ದಿನದಿಂದ ನನ್ನ ಜನ ಕುಟ್ನಾ ಹೊರಾದ ಬಾವಿ ಬಾವಿ ಇಳಿದು ನೋಡ್ತಿದ್ದಾರೆ. ನೀವು ಅಲ್ಲಿಗೆ ಹೋಗೇ ಇಲ್ಲ.”

ಮೇಷ್ಟ್ರು ಕುರ್ಚಿಗೆ ಕುಸಿದರು. ಆಮೇಲೆ ಎದ್ದುಹೋಗಿ ದಪ್ಪನೆಯ ರೈಲ್ವೆ ವೇಳಾಪಟ್ಟಿಯ ನಡುವಿನಿಂದ ಒಂದು ಹಾಳೆ ತೆಗೆದು ಮೇಜಿನ ಮೇಲಿಟ್ಟರು. ಅದೇ ನೀರುನಾಯಿ. ಕೆಳಗೆ ಕೆಂಪು ಶಾಯಿಯಲ್ಲಿ, ಗೆರೆಗಳ ಅಲಂಕಾರದ ನಡುವೆ, ‘೧೦೦೦’.

“ಸುಟ್ಟುಹಾಕೋಣ ಅಂತ ಒಲೆ ಹಚ್ಚಿದೆ,” ಎಂದರು. “ಕೈ ಬರಲಿಲ್ಲ. ಸಾವಿರದ್ದು ಮೇಡಂ.”

ರಾದಾನಾಗೆ ಮೈಯೆಲ್ಲ ಉರಿಯಿತು. ಒಬ್ಬ ಮನುಷ್ಯ ಎಲ್ಲೋ ಕಾಡಿನಲ್ಲಿ ಒಣಗಿ ಸಾಯುತ್ತಿದ್ದಾನೆ, ಈತ ಮುದ್ರೆಗೆ ಕಣ್ಣೀರು ಹಾಕುತ್ತಿದ್ದಾನೆ.

“ಓಟಾಕರ್‌ನ ಏನು ಮಾಡಿದ್ರಿ?”

“ನಾನಾ? ಅವನು ನನ್ನ ತಮ್ಮನ ಹಾಗೆ!”

“ತಮ್ಮನಿಗೋಸ್ಕರ ಪೊಲೀಸರಿಗೆ ಸುಳ್ಳು ಹೇಳಿದ್ರಾ?”

“ಅವನಿಗೋಸ್ಕರವೇ ಹೇಳಿದ್ದು! ಅವನಿಗೆ ಅಲ್ಲೊಬ್ಬಳ ಸಹವಾಸ ಇದೆಯಂತೆ. ಹೆಂಡತಿ ಸತ್ತು ಇನ್ನೂ ವರ್ಷ ತುಂಬಿಲ್ಲ, ಮಗಳು ಸಿಲ್ವಿಯೆಗೆ ಗೊತ್ತಾದ್ರೆ ರಾದ್ಧಾಂತ. ನಾಲ್ಕು ದಿನ ಇದ್ದು ಬರ್ತಾನೆ, ಅಲ್ಲೀವರೆಗೆ ಬೇರೆ ಯಾವುದಾದ್ರೂ ಊರಿನ ಹೆಸರು ಹೇಳಿ ಅಂದ.”

“ಅಂದ? ನಿಮ್ಮ ಮುಖ ನೋಡಿ ಅಂದನಾ?”

ಮೇಷ್ಟ್ರು ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಳ್ಳಲಿಲ್ಲ.

“ಮೂವರೂ ಲಿಪಿನಾದಲ್ಲಿ ಇಳಿದ್ವಿ. ಪಬ್ ಹದಿನೈದು ನಿಮಿಷದ ದಾರಿ. ನೀವು ಬೆಂಚಲ್ಲಿ ಕೂತಿರಿ, ಸಾವಿರದ್ದು ಒತ್ತಿಸ್ಕೊಂಡು ಓಡಿಬಂದೆ ಅಂತ ಒಬ್ಬನೇ ಹೋದೆ. ವಾಪಸು ಬಂದಾಗ ಬೆಂಚಲ್ಲಿ ದ್ರಾಹಾ ಒಬ್ಬಳೇ ಇದ್ದಳು.”

ದ್ರಾಹಾ ಎಂದರೆ ಮೂವರಲ್ಲಿ ಮೂರನೆಯವಳು, ದ್ರಾಹೊಮಿರಾ ಶುಸ್ತ್ರೊವಾ. ಮೂವತ್ತು ವರ್ಷ ಔಷಧಿ ಅಂಗಡಿ ನಡೆಸಿದ ಹೆಂಗಸು. ಶನಿವಾರ ಸಂಜೆಯಿಂದ ಅವಳು ಓಟಾಕರ್‌ನ ಮನೆಯಲ್ಲೇ ಇದ್ದು ಸಿಲ್ವಿಯೆಗೆ ಸೂಪು ಕುದಿಸಿ ಕೊಡುತ್ತಿದ್ದಳು, ಬೆನ್ನು ಸವರುತ್ತಿದ್ದಳು. ರಾದಾನಾ ಹೋದಾಗಲೆಲ್ಲ ಅವಳಿಗೂ ಒಂದು ತುಂಡು ಕೇಕು ಕೊಡುತ್ತಿದ್ದಳು. ಆ ಕೇಕನ್ನು ರಾದಾನಾ ತಿಂದಿದ್ದಳು ಕೂಡ.

“ಅವಳು ಹೇಳಿದಳು, ಓಟಾಕರ್ ಆ ಹೆಂಗಸಿನ ಮನೆಗೆ ಹೋದ, ನಮ್ಮನ್ನ ಹೀಗೀಗೆ ಹೇಳೋಕೆ ಹೇಳಿದ್ದಾನೆ ಅಂತ. ನಾನು ನಂಬಿದೆ. ಯಾಕೆ ನಂಬಬಾರದು? ಇಪ್ಪತ್ತೆರಡು ವರ್ಷ!”

“ಇನ್ಸುಲಿನ್ ಇಲ್ಲದೆ ಹೋಗಿದ್ದಾನೆ ಅಂತ ನಾನು ಹೇಳಿದ ಮೇಲೂ ಬಾಯಿ ಮುಚ್ಕೊಂಡಿದ್ರಲ್ಲ!”

“ಅವಳನ್ನ ಕೇಳಿದೆ ಮೇಡಂ! ನಾನೇ ಎರಡು ಸೀಸೆ ಕೊಟ್ಟು ಕಳಿಸಿದ್ದೀನಿ, ನೀನು ಸುಮ್ನಿರು, ಮಾನ ಕಳೀಬೇಡ ಅಂದಳು.”

ರಾದಾನಾ ಜೇಬಿನಿಂದ ಎರಡು ರಟ್ಟಿನ ಚೂರು ತೆಗೆದು ಹಾಳೆಯ ಪಕ್ಕದಲ್ಲಿಟ್ಟಳು.

“ನೀವು ಗುರುವಾರ ಯಾವ ಊರು ಬರೆದ್ರಿ?”

“ಕುಟ್ನಾ ಹೊರಾ. ಅದಕ್ಕೇ ಸುಳ್ಳು ಹೇಳುವಾಗ ಆ ಹೆಸರೇ ಬಾಯಿಗೆ ಬಂತು.” ಮೇಷ್ಟ್ರು ಚೀಟಿಗಳನ್ನು ಹತ್ತಿರ ಹಿಡಿದು ನೋಡಿದರು. “ಇದೇನು? ಇದು ನನ್ನದಲ್ಲ.”

“ಚೀಟಿ ಎತ್ತಿದ್ದು ಯಾರು?”

“ಓಟಾಕರ್.”

“ಮಗ್ ಹಿಡಿದಿದ್ದು?”

ಮೇಷ್ಟ್ರಿಗೆ ಉತ್ತರ ಗೊತ್ತಿತ್ತು. ಹೇಳುವ ಮೊದಲೇ ಅವರ ಮುಖ ಸುಣ್ಣದಂತಾಯಿತು.

“ದ್ರಾಹಾ,” ಎಂದರು. “ಅಯ್ಯೋ ದೇವರೇ. ನಾನು ಮುದ್ರೆಗೋಸ್ಕರ ಅವನನ್ನ ಬಿಟ್ಟು ಹೋದೆ. ನಾನು ಹೋಗೇ ಹೋಗ್ತೀನಿ ಅಂತ ಅವಳಿಗೆ ಗೊತ್ತಿತ್ತು.”

ಇಡೀ ಗುಂಪಿಗೇ ಗೊತ್ತಿತ್ತು. ಸಾವಿರದ ಮುದ್ರೆ ಇದ್ದ ಕಡೆ ಈವೊ ಬೆಜ್ದೆಕ್ ನಿಂತಲ್ಲಿ ನಿಲ್ಲುವವರ ಪೈಕಿಯಲ್ಲ. ಹುಟ್ಟುಗುಣ ಸುಟ್ಟರೂ ಹೋಗದು. ಅದನ್ನೇ ಲೆಕ್ಕಹಾಕಿ ದ್ರಾಹಾ ಯಾರೂ ಇಳಿಯದ ಒಂದು ಊರನ್ನು ಆರಿಸಿದ್ದಳು.

ಆಗ ರಾದಾನಾಳ ಫೋನು ಬಡಿದುಕೊಂಡಿತು. ಸಿಲ್ವಿಯೆ.

“ಮೇಡಂ, ಅಪ್ಪನ ಇನ್ಸುಲಿನ್ ಫ್ರಿಜ್ಜಲ್ಲಿಲ್ಲ! ಹಾಲು ತೆಗೆಯೋಕೆ ಈಗ ನೋಡಿದೆ. ಇಡೀ ಡಬ್ಬೀನೇ ಇಲ್ಲ!”

“ದ್ರಾಹೊಮಿರಾ ಎಲ್ಲಿ?”

“ದ್ರಾಹಾ ಚಿಕ್ಕಮ್ಮ ಎಂಟೂವರೆಗೆ ಬನ್ನು ತರ್ತೀನಿ ಅಂತ ಹೋದ್ರು. ಇನ್ನೂ ಬಂದಿಲ್ಲ. ಬೂಟು ಹಾಕ್ಕೊಂಡು ಹೋಗಿದ್ದಾರೆ ಮೇಡಂ, ಕಾಡಿಗೆ ಹೋಗೋ ಬೂಟು. ಬೇಕರಿ ನಮ್ಮ ಕೆಳಗಡೆ ಮನೇಲೇ ಇದೆ!”

ರಾದಾನಾ ಗೋಡೆಯ ಗಡಿಯಾರ ನೋಡಿದಳು. ಹತ್ತು ಗಂಟೆ ಎರಡು ನಿಮಿಷ.

“ಮೇಷ್ಟ್ರೇ! ಎಂಟೂವರೆಗೆ ಸ್ಮೀಹೊವ್‌ನ ಓಟಾಕರ್ ಮನೆ ಬಿಟ್ಟವಳು ಈಗ ಎಲ್ಲಿರ್ತಾಳೆ? ಲಿಪಿನಾಕ್ಕೆ ಹೋಗ್ತಿದ್ರೆ?”

ವೇಳಾಪಟ್ಟಿ ತೆರೆಯುವ ಅಗತ್ಯವೇ ಬೀಳಲಿಲ್ಲ. “ಎಂಟು ಐವತ್ತೆರಡರ ರೈಲು. ಬೆರೌನ್‌ನಲ್ಲಿ ಒಂಬತ್ತು ನಲವತ್ತಾರಕ್ಕೆ ಚಿಕ್ಕ ರೈಲು. ಹತ್ತು ಇಪ್ಪತ್ತಕ್ಕೆ ಲಿಪಿನಾ.”

“ಹದಿನೆಂಟು ನಿಮಿಷ,” ಎಂದ ಹಿನೆಕ್. ಅವನ ಕಣ್ಣು ಹೊಳೆಯಿತು. “ಮೇಡಂ, ಇನ್ಸುಲಿನ್ ತಗೊಂಡು ಹೋಗ್ತಿದ್ದಾಳೆ ಅಂದ್ರೆ ಅವನು ಬದುಕಿದ್ದಾನೆ!”

ಅದೇ ಮಾತು ರಾದಾನಾಳ ಎದೆಯಲ್ಲೂ ಬಡಿದುಕೊಳ್ಳುತ್ತಿತ್ತು. ಎರಡು ಸೀಸೆ ಕೊಟ್ಟೆ ಎಂದದ್ದು ಸುಳ್ಳು. ಅವನನ್ನು ಎಲ್ಲೋ ಕೂಡಿಹಾಕಿದ್ದಾಳೆ, ಹೆದರಿಸಲೆಂದೋ ಬಾಯಿ ಬಿಡಿಸಲೆಂದೋ, ಯಾತಕ್ಕೋ. ಈಗ ಕೈಮೀರುತ್ತಿದೆ ಎಂದು ಓಡುತ್ತಿದ್ದಾಳೆ.

“ಕಂಟ್ರೋಲ್ ರೂಮಿಗೆ ಹೇಳಿ ರೈಲು ನಿಲ್ಲಿಸಿಬಿಡ್ಲಾ? ಸಿಕ್ಕಿದಲ್ಲೇ ಹಿಡಿಯೋಣ,” ಎಂದ ಹಿನೆಕ್.

“ಹಿಡಿದ್ರೆ ಬಾಯಿ ಬಿಡಲ್ಲ,” ಎಂದರು ಮೇಷ್ಟ್ರು. “ದ್ರಾಹಾ ಕಲ್ಲು. ಒಂದು ಸಲ ಓಟಾಕರ್ ತಮಾಷೆ ಮಾಡಿದ ಅಂತ ಎಂಟು ಶನಿವಾರ ಮಾತೇ ಆಡಲಿಲ್ಲ. ಜೊತೆಗೇ ಬಂದಳು, ಮಾತು ಮಾತ್ರ ಇಲ್ಲ.”

ಎಂಟು ಶನಿವಾರ ಕಾಯುವಷ್ಟು ಸಮಯ ಓಟಾಕರ್‌ಗೆ ಇರಲಿಲ್ಲ. ಎಂಟು ಗಂಟೆಯೂ ಇರಲಿಲ್ಲ. ಲಿಪಿನಾ ಸುತ್ತಲಿನ ಕಾಡು ಮೂರು ಕಣಿವೆಗಳಷ್ಟು. ಅವನಿರುವ ಜಾಗ ಗೊತ್ತಿದ್ದದ್ದು ಒಬ್ಬಳಿಗೆ, ಅವನ ಜೀವ ಇದ್ದದ್ದು ಅವಳ ಚೀಲದಲ್ಲಿ.

ರಾದಾನಾ ನಡುಮನೆಯಲ್ಲಿ ಆ ತುದಿಯಿಂದ ಈ ತುದಿಗೆ ಎರಡು ಸಲ ನಡೆದಳು. ಮೂರನೇ ಸಲ ನಿಂತಳು.

“ಬೇಡ. ಹಿಡೀಬೇಡಿ. ಡ್ರೈವರ್‌ಗೆ ರೇಡಿಯೋದಲ್ಲಿ ಹೇಳಿಸು, ಲಿಪಿನಾದಲ್ಲಿ ನಿಲ್ಲಿಸ್ಲೇಬೇಕು. ಗುಂಡಿ ಒತ್ತಲಿ, ಬಿಡಲಿ. ಅವಳಿಗೆ ಅನುಮಾನ ಬರಬಾರದು. ಆರಾಮಾಗಿ ಇಳೀಲಿ, ನೇರ ಅವನ ಹತ್ರ ಹೋಗಲಿ, ಮದ್ದು ಮುಟ್ಟಲಿ. ಬೆರೌನ್ ಪೊಲೀಸರು ಹಿಂದಿನಿಂದ ಹೋಗಲಿ.”

“ಅವರಿಗೆ ಅರ್ಧ ಗಂಟೆ ದಾರಿ ಮೇಡಂ, ಕಾಡು ರಸ್ತೆ.”

“ಅರ್ಧ ಗಂಟೆ ಅವನ ಜೊತೆ ಅವಳು ಇರಲಿ. ಮದ್ದು ಕೊಡೋಕೆ ಬರುತ್ತಲ್ಲ ಅವಳಿಗೆ. ಆಂಬುಲೆನ್ಸ್‌ಗೂ ಹೇಳು.”

ಮೂರು ಮಹಡಿ ಇಳಿದು ಕಾರಿಗೆ ಹತ್ತಿದ ಮೇಲಷ್ಟೇ ಅವಳಿಗೆ ಕಾಲಿನಲ್ಲಿರುವುದು ಮೇಷ್ಟ್ರ ಚೌಕಳಿ ಚಪ್ಪಲಿ ಎಂದು ಗೊತ್ತಾದದ್ದು. ಹಿನೆಕ್ ಗುಲಾಬಿ ಚಪ್ಪಲಿಯಲ್ಲೇ ಆಕ್ಸಿಲರೇಟರ್ ತುಳಿದ. ಟ್ರಾಮುಗಳು ಗಂಟೆ ಬಾರಿಸಿ ಬೈದವು.

ಪ್ರಾಗಿನ ಹೊಳೆಯ ಸೇತುವೆ ದಾಟುವಾಗ ರೇಡಿಯೋ ಕರಕರ ಎಂದಿತು. ಹತ್ತು ಇಪ್ಪತ್ತೊಂದು.

ಹಿನೆಕ್ ಕೇಳಿಸಿಕೊಂಡ, ನಕ್ಕ. “ಇಳಿದ್ಲಂತೆ ಮೇಡಂ! ಒಬ್ಬಳೇ. ತಾನಾಗಿಯೇ ಗುಂಡಿ ಒತ್ತಿದ್ಲಂತೆ. ಹೊಳೆ ಕಡೆ ಹೋಗದೆ ಕಾಡಿನ ದಾರಿ ಹಿಡಿದ್ಲಂತೆ. ಡ್ರೈವರ್‌ಗೆ ಕೈ ಬೀಸಿ ಥ್ಯಾಂಕ್ಸ್ ಬೇರೆ.”

ಶನಿವಾರದಿಂದ ಹಿಡಿದಿಟ್ಟ ಉಸಿರನ್ನು ರಾದಾನಾ ಈಗ ಬಿಟ್ಟಳು. ಕಾಲು ಕುಣಿಯುವುದು ನಿಂತಿತ್ತು. ಸೀಟಿಗೆ ಒರಗಿ ಕಣ್ಣು ಮುಚ್ಚಿದಳು.

ಫೋನು ಮತ್ತೆ ಬಡಿದುಕೊಂಡಿತು.

“ಸಿಲ್ವಿಯೆ, ಗಾಬರಿಯಾಗಬೇಡಿ. ನಿಮ್ಮ ಅಪ್ಪನಿಗೆ ಮದ್ದು ಮುಟ್ಟುತ್ತೆ. ಈಗ ತಾನೇ—”

“ಮೇಡಂ, ಪಾತ್ರೆ ತೊಳೆಯೋಣ ಅಂತ ಸಿಂಕ್ ಹತ್ರ ಬಂದೆ. ಆ ವಾಸನೆ ಬರ್ತಿದೆ. ಅಪ್ಪ ಸೂಜಿ ಚುಚ್ಕೊಳ್ಳುವಾಗ ಒಂದು ಹನಿ ಕೆಳಗೆ ಬಿದ್ರೂ ಮನೆಯೆಲ್ಲ ಆಸ್ಪತ್ರೆ ಥರ ನಾತ ಬರ್ತಿತ್ತು. ಚಿಕ್ಕಂದಿನಿಂದ ಗೊತ್ತು ನಂಗೆ. ಈಗ ಸಿಂಕ್ ಪೂರ್ತಿ ಅದೇ ವಾಸನೆ.”

ರಾದಾನಾ ಕಣ್ಣು ತೆರೆದಳು.

“ಎಲ್ಲಾ ಇನ್ಸುಲಿನ್ನನ್ನೂ ಚೆಲ್ಲಿಬಿಟ್ಟಿದ್ದಾರೆ ಮೇಡಂ. ಖಾಲಿ ಸೀಸೆಗೆ ಕಸದಬುಟ್ಟಿಯೆಲ್ಲ ಹುಡುಕಿದೆ, ಒಂದೂ ಇಲ್ಲ. ಸೀಸೆಗಳನ್ನ ತಗೊಂಡೇ ಹೋಗಿದ್ದಾರೆ. ಅಪ್ಪನ ಹೊಸ ಸಿರಿಂಜುಗಳನ್ನೂ.”

ಸೇತುವೆಯ ತುದಿಯಲ್ಲಿ, ದಡದ ಹಳಿಯ ಮೇಲೆ ರೈಲೊಂದು ಪಶ್ಚಿಮಕ್ಕೆ ಹೊರಟಿತ್ತು.

“ಹಾಗಾದ್ರೆ ಆ ಸೀಸೆಗಳಲ್ಲಿ ಈಗ ಏನಿದೆ ಮೇಡಂ?” ಎಂದಳು ಸಿಲ್ವಿಯೆ.